ಜುಲೈ ತಿಂಗಳ ಲಂಗೋಟಿಗಳು

ಹೆರಿಗೆಗೆಂದು ಶಿರಸಿಯ ಹತ್ತಿರದ ತವರಿಗೆ ಹೋದಾಗ ಆಯಿ, ಎಂದರೆ ನನ್ನ ಅಮ್ಮ, ಅಟ್ಟದ ಮೇಲಿನ ಟ್ರಂಕಿನಿಂದ ಮೂರು ಹಳೆಯ ಹತ್ತಿ ಸೀರೆಗಳನ್ನು ಇಳಿಸಿ, ಒಗೆದು, ಮಡಚಿ ಇಟ್ಟಿದ್ದಳು. ಆ ಸಂಜೆಯೇ ಒಂದನ್ನು ಜಗಲಿಯ ಮೇಲೆ ಹಾಸಿ ಕತ್ತರಿಸತೊಡಗಿದಳು. ಸೀರೆ ಐದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲ. ಅಗಲಕ್ಕೆ ಎರಡು, ಉದ್ದಕ್ಕೆ ಹತ್ತು ತುಂಡು ಮಾಡಿದರೆ 20 ಚೌಕ. ಒಂದು ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿದರೆ ಒಂದು ಲಂಗೋಟಿ. ಇಪ್ಪತ್ತು ಸಾಕಾಗುವುದಿಲ್ಲವೇ ಎಂದು ಕೇಳಿದೆ. "ಚಳಿಗಾಲದ ಕೂಸಿಗೆ ಒಂದು ಸೀರೆ ಸಾಕು ತಂಗಿ. ನಿನ್ನ ಕೂಸು ಮಳೆಗಾಲ ದಾಟಬೇಕು. ಮೂರು ಬೇಕು" ಎಂದು ಹೇಳಿ ಆಯಿ ಎರಡನೆಯ ಸೀರೆಗೆ ಕೈ ಹಾಕಿದಳು.

ಆ ಲೆಕ್ಕ ಎಷ್ಟು ಕರಾರುವಾಕ್ಕಾಗಿತ್ತೆಂದು ನನಗೆ ತಿಳಿದದ್ದು ಜುಲೈಯಲ್ಲಿ. ಎಳೆಗೂಸು ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಒದ್ದೆ ಮಾಡುತ್ತದೆ. ಬಿಸಿಲಿದ್ದರೆ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಮಡಚಲು ಸಿದ್ಧ. ಮಳೆ ಹಿಡಿದರೆ ಅದೇ ತೆಳ್ಳನೆಯ ಬಟ್ಟೆಗೆ ನಾಲ್ಕು ದಿನ ಬೇಕು. ನಾಲ್ಕು ದಿನಕ್ಕೆ 48 ಬಟ್ಟೆ ಹಗ್ಗದ ಮೇಲೆ, ಮಗುವಿನ ಮೈಮೇಲೂ ಬಕೆಟ್ಟಿನಲ್ಲೂ ಇನ್ನೊಂದು ಡಜನ್. ಕೂಡಿದರೆ 60. ಮೂರು ಸೀರೆ.

2024ರ ಏಪ್ರಿಲ್ ಕೊನೆಯ ವಾರ ಮಗಳು ಹುಟ್ಟಿದಳು. ಶಿರಸಿಯಲ್ಲಿ ಆಗ ಸುಡುವ ಬಿಸಿಲು. ಮೊದಲ ಎರಡು ದಿನದ ಕಪ್ಪು ಮಲ ಬಟ್ಟೆಗೆ ಡಾಂಬರಿನಂತೆ ಅಂಟಿಕೊಳ್ಳುತ್ತಿತ್ತು. ಅದು ಮಗುವಿನ ಚರ್ಮಕ್ಕೆ ಅಂಟದಿರಲೆಂದು ಆಯಿ ಮೊದಲೇ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ನಾಲ್ಕನೆಯ ದಿನಕ್ಕೆ ಬಣ್ಣ ಹಸಿರಿಗೆ ತಿರುಗಿ, ವಾರ ತುಂಬುವುದರೊಳಗೆ ಸಾಸಿವೆ ಅರೆದಿಟ್ಟಂತಹ ಹಳದಿಯಾಯಿತು. ತಾಯಿಯ ಹಾಲು ಮಾತ್ರ ಕುಡಿಯುವ ಮಗುವಿನ ಮಲ ನೀರಿನಲ್ಲಿ ಕರಗುತ್ತದೆ. ಬಟ್ಟೆಯನ್ನು ಒಡನೆಯೇ ತಣ್ಣೀರಿನಲ್ಲಿ ಅಲುಬಿದರೆ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ. ಬಿಸಿನೀರು ಮೊದಲು ಹಾಕಬಾರದು, ಕಲೆ ಕೂತುಬಿಡುತ್ತದೆ. ಅನಂತರ ಅಂಟುವಾಳದ ನೀರಿನಲ್ಲಿ ನೆನೆಸಿ, ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಮೃದುವಾಗಿ ಕುಕ್ಕಿ, ಹಂಡೆಯ ಕುದಿಯುವ ನೀರಿನಿಂದ ಒಮ್ಮೆ, ತಣ್ಣೀರಿನಿಂದ ಎರಡು ಸಲ ಜಾಲಿಸಿ ಅಂಗಳದ ಹಗ್ಗಕ್ಕೆ ಹಾಕುತ್ತಿದ್ದಳು. ಉಳಿದ ಹಳದಿ ಕಲೆಯನ್ನು ಬಿಸಿಲೇ ತಿಂದುಹಾಕುತ್ತಿತ್ತು.

ಒಗೆಯುವುದಕ್ಕೆ ಮೊದಲು ಆಯಿ ಇನ್ನೊಂದು ಕೆಲಸ ಮಾಡುತ್ತಿದ್ದಳು. ಪ್ರತಿ ಬಟ್ಟೆಯನ್ನೂ ಬಿಡಿಸಿ ಬೆಳಕಿಗೆ ಹಿಡಿದು ಒಂದು ಕ್ಷಣ ನೋಡುತ್ತಿದ್ದಳು. ಉಚ್ಚೆಯ ಬಣ್ಣ ಗಾಢವಾಗಿದೆಯೇ, ನೀರಿನಂತಿದೆಯೇ, ಮಲದಲ್ಲಿ ಲೋಳೆ ಇದೆಯೇ, ಬೆಳಿಗ್ಗೆಯಿಂದ ಎಷ್ಟನೆಯದು. ಆರನೆಯ ದಿನ ಮಧ್ಯಾಹ್ನ ಬಚ್ಚಲಿನಿಂದ ನೇರವಾಗಿ ನನ್ನ ಕೋಣೆಗೆ ಬಂದು "ಇವತ್ತು ನಾಲ್ಕೇ ಒದ್ದೆಯಾಗಿದೆ, ಬಣ್ಣವೂ ಹಳದಿ. ಎಬ್ಬಿಸಿ ಹಾಲು ಕೊಡು" ಎಂದಳು. ಮಗು ನಿದ್ದೆಯಲ್ಲಿ ಸುಮ್ಮನಿದ್ದುದನ್ನು ನೋಡಿ ನಾನು ನೆಮ್ಮದಿಯಾಗಿದ್ದೆ. ಮೊದಲ ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಕನಿಷ್ಠ ಆರು ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು, ಹಾಲು ಸಾಲುತ್ತಿದೆ ಎನ್ನುವುದಕ್ಕೆ ಅದೇ ಗುರುತು ಎಂದು ಆಸ್ಪತ್ರೆಯಿಂದ ಹೊರಡುವಾಗ ದಾದಿ ಹೇಳಿದ್ದನ್ನು ನಾನು ಮರೆತಿದ್ದೆ. ದಾದಿಯ ಮಾತನ್ನು ಕೇಳದ ಆಯಿ ಬಟ್ಟೆ ನೋಡಿ ತಿಳಿದಿದ್ದಳು.

ಜೂನ್ ಎರಡನೆಯ ವಾರ ಮಿರಗದ ಮಳೆ ಹಿಡಿಯಿತು. ಒಗೆಯುವುದು ಮೊದಲಿನಂತೆಯೇ ನಡೆಯಿತು, ಒಣಗಿಸುವುದಕ್ಕೆ ಮನೆಯೆಲ್ಲ ಕೈಜೋಡಿಸಬೇಕಾಯಿತು. ನಮ್ಮ ಬಚ್ಚಲ ಒಲೆಯ ಮೇಲೆ ಬಿದಿರಿನ ಅಟ್ಟವೊಂದಿದೆ. ಒಲೆಗೆ ದಿನವಿಡೀ ಅಡಿಕೆ ಸೋಗೆಯ ಒಣ ಹೆಡೆ, ತೆಂಗಿನ ಸಿಪ್ಪೆ. ಲಂಗೋಟಿಗಳು ಆ ಅಟ್ಟದ ಗಳದ ಮೇಲೆ ಸಾಲಾಗಿ ಕೂತವು. ಅಲ್ಲಿಯೂ ಒಣಗದೆ ಉಳಿದವಕ್ಕೆ ಬುಟ್ಟಿ: ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿಯನ್ನು ಬೋರಲಾಗಿ ಇಟ್ಟು, ಬುಟ್ಟಿಯ ಬೆನ್ನಿನ ಮೇಲೆ ಬಟ್ಟೆ ಹರಡಿ, ಕೊನೆಯಲ್ಲಿ ಕೆಂಡಕ್ಕೆ ಚಿಟಿಕೆ ಧೂಪ ಹಾಕುವುದು. ಅಪ್ಪಯ್ಯ ಅದರ ಪಕ್ಕದಲ್ಲಿ ಪತ್ರಿಕೆ ಓದುತ್ತ ಕೂತು ಬಟ್ಟೆ ಮಗುಚುತ್ತಿದ್ದ. ಕಣ್ಣು ತಪ್ಪಿದರೆ ಸುಟ್ಟುಹೋಗುತ್ತದೆ. ಮಗಳ ಮೈಗೆ ಆ ತಿಂಗಳು ಹೊಗೆಯ, ಧೂಪದ, ಹಾಲಿನ ವಾಸನೆ ಇತ್ತು. ಈಗಲೂ ಯಾರ ಮನೆಯ ಬಚ್ಚಲಲ್ಲಾದರೂ ಸೌದೆಯ ಹೊಗೆ ಬಂದರೆ ನನ್ನ ತೋಳು ತಾನಾಗಿ ಮಗುವನ್ನು ಎತ್ತಿಕೊಳ್ಳುವಂತೆ ಮಡಚಿಕೊಳ್ಳುತ್ತದೆ.

ಆ ಬುಟ್ಟಿಯ ಪಕ್ಕದಲ್ಲೇ ಅಜ್ಜಿ ಹಳೆಯ ಮಾತೊಂದನ್ನು ತೆಗೆದಳು. ಅವಳ ಹೆರಿಗೆಯ ಕಾಲದಲ್ಲಿ ಪುರುಡಿನ ಹತ್ತು ದಿನದ ಬಟ್ಟೆಯನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಮಡಿವಾಳರ ಮನೆಯ ಹೆಂಗಸು ಬಂದು, ಹಿತ್ತಲ ಬಾಗಿಲಲ್ಲಿ ನಿಂತು, ರಕ್ತದ ಬಟ್ಟೆಯನ್ನೂ ಕೂಸಿನ ಬಟ್ಟೆಯನ್ನೂ ಗಂಟು ಕಟ್ಟಿ ಹಳ್ಳಕ್ಕೆ ಒಯ್ಯುತ್ತಿದ್ದಳು. ಕೂಲಿ ಎಂದರೆ ಸುಗ್ಗಿಯಲ್ಲಿ ಅಳೆದು ಕೊಡುವ ಭತ್ತ, ಹೆರಿಗೆಗೆ ಒಂದು ಸೀರೆ, ತೆಂಗಿನಕಾಯಿ. "ಎಷ್ಟು ಬೆಳ್ಳಗೆ ಒಗೆದು ತರುತ್ತಿದ್ದಳು!" ಎಂದು ಅಜ್ಜಿ ನೆನೆದುಕೊಂಡಳು. ಅವಳ ಹೆಸರೇನು ಎಂದು ಕೇಳಿದೆ. ಅಜ್ಜಿ ತುಂಬ ಹೊತ್ತು ಯೋಚಿಸಿದಳು. ನೆನಪಾಗಲಿಲ್ಲ. ಅವಳ ಗಂಡನ ಹೆಸರು, ಅವರ ಮನೆಯಿದ್ದ ಜಾಗ, ಕಾಯಿ ಎಷ್ಟು ಕೊಡುತ್ತಿದ್ದರೆನ್ನುವುದು ಎಲ್ಲ ನೆನಪಿತ್ತು.

ಲಾಂಡ್ರಿ ಎನ್ನುವ ಮಾತು ನಮ್ಮ ಊರುಗಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಹೊರಗಿನವರಿಂದ ಒಗೆಸುವ ವ್ಯವಸ್ಥೆ ನಮ್ಮಲ್ಲಿತ್ತು, ಜಾತಿಯ ಹೆಸರಿನಲ್ಲಿತ್ತು. 'ಮಡಿ' ಎಂದರೆ ಒಗೆದ ಬಟ್ಟೆ. ಅದನ್ನು ಮಡಿ ಮಾಡುವವರು ಮಡಿವಾಳರು. ಮಡಿಯ ಮನೆಯೊಳಗೆ ಅವರಿಗೇ ಪ್ರವೇಶವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವ ಕಾಯಕವನ್ನೇ ಹಿಡಿದು ಬಸವಣ್ಣನವರ ಸರಿಸಮ ನಿಂತು ವಚನ ಬರೆದ ನಾಡು ಇದು. ಎಂಟು ನೂರು ವರ್ಷದ ಮೇಲೆ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಜುಲೈ ಮೊದಲ ವಾರ ನಾನು ಕಾರವಾರಕ್ಕೆ ಬಂದೆ. ಮೂರು ತಿಂಗಳು ತುಂಬುವ ಮೊದಲೇ ಹೊರಟದ್ದು ಆಯಿಗೆ ಇಷ್ಟವಿರಲಿಲ್ಲ. ಆದರೆ ಗಂಡ ಅಲ್ಲಿ ಒಬ್ಬನೇ ಇದ್ದ, ವಾರಕ್ಕೊಮ್ಮೆ ಕೂಸನ್ನು ನೋಡಿ ಹೋಗುವುದು ಅವನಿಗೆ ಸಾಕಾಗುತ್ತಿರಲಿಲ್ಲ. ನಮ್ಮದು ಕೋಡಿಬಾಗದಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಬಾಲ್ಕನಿಯಲ್ಲಿ ನಿಂತರೆ ಕಾಳಿ ನದಿ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಬೇಸಿಗೆಯಲ್ಲಿ ಆ ನೋಟಕ್ಕಾಗಿಯೇ ಮನೆ ಹಿಡಿದಿದ್ದೆವು. ಜುಲೈಯಲ್ಲಿ ಅದೇ ದಿಕ್ಕಿನಿಂದ ಮಳೆ ಅಡ್ಡಡ್ಡ ಬಂದು ಬಾಲ್ಕನಿಯ ಒಳಗೋಡೆಗೆ ಬಡಿಯುತ್ತಿತ್ತು. ಅಟ್ಟವಿಲ್ಲ, ಒಲೆಯಿಲ್ಲ, ಹಂಡೆಯಿಲ್ಲ. ಗ್ಯಾಸ್ ಗೀಸರ್ ಇದೆ, ಬಟ್ಟೆ ಒಗೆಯುವ ಯಂತ್ರವಿದೆ. ಯಂತ್ರ ನಲವತ್ತು ನಿಮಿಷದಲ್ಲಿ ಒಗೆದು, ಹಿಂಡಿ ಕೊಡುತ್ತಿತ್ತು. ಅಲ್ಲಿಂದ ಮುಂದೆ ಆ ಬಟ್ಟೆಗಳಿಗೆ ಹೋಗಲು ದಾರಿಯೇ ಇರಲಿಲ್ಲ.

ಫ್ಯಾನಿನ ಕೆಳಗೆ ಮಡಚುವ ಸ್ಟ್ಯಾಂಡ್, ಊಟದ ಮೇಜಿನ ಕುರ್ಚಿಗಳ ಬೆನ್ನು, ಕಿಟಕಿಯ ಸರಳು, ಬಾಗಿಲಿನ ಮೇಲಂಚು, ಎಲ್ಲೆಲ್ಲೂ ಲಂಗೋಟಿ. ಸಮುದ್ರದ ಗಾಳಿಗೆ ಉಪ್ಪಿನ ತೇವವಿರುತ್ತದೆ. ಒಣಗಿತು ಎಂದುಕೊಂಡ ಬಟ್ಟೆ ರಾತ್ರಿ ಕಳೆದರೆ ಮತ್ತೆ ತಣ್ಣಗೆ. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ. ಆ ವಾಸನೆ ಬರುವುದು ಏಕೆಂದು ಹುಡುಕಿದೆ. ಒದ್ದೆ ಬಟ್ಟೆಯಲ್ಲಿ ಬೆಳೆಯುವ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆಯೋ ಅಷ್ಟು ಅದಕ್ಕೆ ಅನುಕೂಲ. ಬಿಸಿಯಿಂದ ಅದನ್ನು ಕೊಲ್ಲಬಹುದು ಎಂದು ತಿಳಿದ ಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿದೆ. ಅರೆ ಒಣಗಿದ ಒಂದೊಂದು ಲಂಗೋಟಿಯ ಮೇಲೂ ಆವಿ ಏಳುವ ಹಾಗೆ ಎರಡೂ ಬದಿಗೆ ಇಸ್ತ್ರಿ. ಹನ್ನೆರಡು ಬಟ್ಟೆಗೆ ಮುಕ್ಕಾಲು ಗಂಟೆ, ನಡುವೆ ಮಗು ಎದ್ದರೆ ಒಂದೂವರೆ ಗಂಟೆ. ಕರೆಂಟು ಹೋದರೆ ಮುಗಿಯಿತು, ಕಾಯಬೇಕು. ಆಯಿ ಬಂದು ಹದಿನೈದು ದಿನ ಇರುತ್ತೇನೆಂದಿದ್ದಳು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಹಲವರ ಜೀವ ತೆಗೆದುಕೊಂಡಿತು. ರಸ್ತೆ ಮುಚ್ಚಿತು. ಆ ವಾರ ನಮ್ಮ ಜಿಲ್ಲೆಯಲ್ಲಿ ಯಾರ ಮನೆಯಲ್ಲೂ ಸರಿಯಾಗಿ ನಿದ್ದೆ ಇರಲಿಲ್ಲ, ಆಯಿಯನ್ನು ಹೊರಡಿಸುವ ಧೈರ್ಯ ನಮಗೂ ಇರಲಿಲ್ಲ.

ಪುನರ್ವಸು ಮಳೆಯ ಕೊನೆಯ ದಿನಗಳವು. ನಾನು ಸೋತು, ಪೇಟೆಯ ಲಾಂಡ್ರಿಯೊಂದಕ್ಕೆ ಫೋನ್ ಮಾಡಿದೆ.

ಹೋಟೆಲುಗಳ ಚಾದರ, ಟವೆಲ್ ಒಗೆಯುವ ಲಾಂಡ್ರಿ ಅದು. ದೊಡ್ಡ ಯಂತ್ರ, ಅದಕ್ಕಿಂತ ಮುಖ್ಯವಾಗಿ ಬಿಸಿಗಾಳಿಯಲ್ಲಿ ಬಟ್ಟೆ ತಿರುಗಿಸಿ ಒಣಗಿಸುವ ಡ್ರೈಯರ್ ಅವರಲ್ಲಿತ್ತು. ಕಿಲೋಗೆ 80 ರೂಪಾಯಿ. ಹೊರದೇಶಗಳಲ್ಲಿ ಇದಕ್ಕೆಂದೇ ಬೇರೆ ಉದ್ಯಮವಿತ್ತು. ಅಮೆರಿಕದ ನಗರಗಳಲ್ಲಿ 1930-40ರ ದಶಕಗಳಲ್ಲಿ ಡೈಪರ್ ಸರ್ವಿಸ್ ಎಂಬ ವ್ಯಾನುಗಳು ಮನೆಬಾಗಿಲಿಗೆ ಬಂದು ಕೊಳೆಯಾದ ಬಟ್ಟೆಯ ಚೀಲ ಒಯ್ದು ಒಗೆದ ಬಟ್ಟೆಯ ಕಟ್ಟು ಇಟ್ಟು ಹೋಗುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗಳಿಗೆ ದುಡಿಯಲು ಹೋದಾಗ ಅವು ಇನ್ನೂ ಬೆಳೆದವು. 1961ರಲ್ಲಿ ಪ್ಯಾಂಪರ್ಸ್ ಬಂದು, ಬಳಸಿ ಎಸೆಯುವ ಡೈಪರ್ ಅಗ್ಗವಾಗುತ್ತ ಹೋದಂತೆ ಆ ವ್ಯಾನುಗಳು ಕಡಿಮೆಯಾದವು. ಕಾರವಾರದಲ್ಲಿ ಅಂಥದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಕೂಸಿನ ಬಟ್ಟೆ ಎಂದ ಕೂಡಲೇ ಲಾಂಡ್ರಿಯವರು ಒಂದು ಕ್ಷಣ ಸುಮ್ಮನಾದರು. ಬೇರೆಯವರ ಬಟ್ಟೆಯ ಜೊತೆ ಹಾಕುವುದಿಲ್ಲ, ಪ್ರತ್ಯೇಕವಾಗಿ ಹಾಕುತ್ತೇವೆ ಎಂದು ಹೇಳಿ ಒಪ್ಪಿಕೊಂಡರು. ಸದಾಶಿವಗಡದ ಕಡೆಯಿಂದ ಕೆಲಸಕ್ಕೆ ಬರುವ ಹುಡುಗ ಬೆಳಿಗ್ಗೆ ಚೀಲ ಒಯ್ದು ಮರುದಿನ ಸಂಜೆ ತಂದುಕೊಟ್ಟ.

ಮೊದಲ ಕಟ್ಟು ಬಿಚ್ಚಿದಾಗ ನನಗೆ ಅಳು ಬಂತು. ಬಟ್ಟೆ ಬೆಚ್ಚಗಿರಲಿಲ್ಲ, ಆದರೆ ಒಣಗಿತ್ತು. ಕೈಯಲ್ಲಿ ಹಿಡಿದರೆ ಹಗುರ. ಕೆನ್ನೆಗೆ ಒತ್ತಿಕೊಂಡೆ. ಮೂರು ವಾರದಲ್ಲಿ ಪೂರ್ತಿ ಒಣಗಿದ ಬಟ್ಟೆಯನ್ನು ಮುಟ್ಟಿದ್ದು ಅದೇ ಮೊದಲು.

ಹತ್ತು ದಿನ ಹೀಗೆಯೇ ಹೋಯಿತು. ಆ ಹತ್ತು ದಿನದಲ್ಲಿ ಎರಡು ತೊಂದರೆಗಳು ಎದ್ದವು, ಎರಡನೆಯದು ಮೊದಲನೆಯದರ ಬೆನ್ನಿಗೇ ತಿಳಿಯಿತು. ಬಟ್ಟೆಗೆ ಹೂವಿನ ಪರಿಮಳವಿತ್ತು, ಬೆಣ್ಣೆಯಂತಹ ನುಣುಪಿತ್ತು. ಕೊನೆಯ ಜಾಲಿಸುವ ನೀರಿಗೆ ಬಟ್ಟೆ ಮೃದುಗೊಳಿಸುವ ದ್ರವ ಹಾಕುವುದು ಅವರ ರೂಢಿ. ಹೋಟೆಲಿನ ಟವೆಲ್ಲಿಗೆ ಅದು ಚಂದ. ಆದರೆ ಆ ದ್ರವ ನೂಲಿನ ಮೇಲೆ ತೆಳ್ಳನೆಯ ಜಿಡ್ಡಿನಂತೆ ಕೂರುತ್ತದೆ, ನೂಲು ನೀರು ಹೀರುವುದು ಕಡಿಮೆಯಾಗುತ್ತದೆ. ಲಂಗೋಟಿಯ ಕೆಲಸವೇ ಹೀರುವುದು. ಉಚ್ಚೆ ಬಟ್ಟೆಯೊಳಗೆ ಇಳಿಯದೆ ಚರ್ಮದ ಮೇಲೆ ನಿಂತಿತು. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಆಗುತ್ತದೆ. ಅದು ಚರ್ಮವನ್ನು ಕ್ಷಾರದ ಕಡೆಗೆ ಒಯ್ಯುತ್ತದೆ, ಆಗ ಮಲದಲ್ಲಿರುವ ಜೀರ್ಣರಸಗಳು ಚುರುಕಾಗಿ ಎಳೆಯ ಚರ್ಮವನ್ನು ಕೊರೆಯತೊಡಗುತ್ತವೆ. ಮಗಳ ತೊಡೆಸಂದಿ ಕೆಂಪಾಯಿತು, ಎರಡು ದಿನದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

ಮಕ್ಕಳ ವೈದ್ಯರು ನೋಡಿ ಮುಲಾಮು ಬರೆದುಕೊಟ್ಟರು. ಹಗಲಿನಲ್ಲಿ ಒಂದೆರಡು ಗಂಟೆ ಬಟ್ಟೆ ಕಟ್ಟದೆ ಬಿಡಿ ಎಂದರು. ಆಮೇಲೆ ಸಹಜವಾಗಿ "ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತದೆ? ಮಲದ ಬಣ್ಣ ಹೇಗಿದೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಒದ್ದೆಯಾದದ್ದನ್ನು ಕತ್ತಲಲ್ಲೋ ಅರೆನಿದ್ದೆಯಲ್ಲೋ ಬಿಚ್ಚಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತಿದ್ದೆ, ಬೆಳಿಗ್ಗೆ ಡಬ್ಬಿಯಿಂದ ಚೀಲಕ್ಕೆ, ಚೀಲದಿಂದ ಲಾಂಡ್ರಿಗೆ. ಮರಳಿ ಬರುವಾಗ ಎಲ್ಲವೂ ಬಿಳಿ. ಹತ್ತು ದಿನದಿಂದ ನಾನು ಒಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಗಂಡ ನನ್ನ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ. ವೈದ್ಯರು ಬೈಯಲಿಲ್ಲ, ಎಣಿಸಿಕೊಂಡು ನಾಳೆ ಫೋನ್ ಮಾಡಿ ಎಂದರು. ರಿಕ್ಷಾದಲ್ಲಿ ಮರಳುವಾಗ ಆಯಿ ಬಚ್ಚಲ ಬಾಗಿಲಲ್ಲಿ ಬಟ್ಟೆ ಬಿಡಿಸಿ ಹಿಡಿದು ನಿಂತದ್ದೇ ಕಣ್ಣ ಮುಂದೆ ಇತ್ತು. ಮಗುವಿಗೆ ಮಾತು ಬರುವುದಿಲ್ಲ. ಅದು ಆಡುವ ಮಾತೆಲ್ಲ ಆ ಬಟ್ಟೆಯ ಮೇಲೆಯೇ ಇರುತ್ತದೆ, ಅದನ್ನು ಓದದೆ ನಾನು ಕಟ್ಟಿ ಕಳುಹಿಸುತ್ತಿದ್ದೆ.

ಮತ್ತೊಂದು ವಿಷಯ ಆ ರಾತ್ರಿ ನನ್ನನ್ನು ಕಾಡಿತು. ಆ ಚೀಲವನ್ನು ಬಿಚ್ಚುವವರು ಯಾರು? ಮರುದಿನ ಲಾಂಡ್ರಿಗೆ ನಾನೇ ಹೋದೆ. ಹಿಂದಿನ ಕೋಣೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಬಟ್ಟೆ ಬೇರ್ಪಡಿಸುತ್ತಿದ್ದಳು, ಕೈಗೆ ಗವಸಿರಲಿಲ್ಲ. ನಮ್ಮ ಚೀಲ ಅವಳ ಮುಂದೆ ಬಿಚ್ಚಿತ್ತು. ಎರಡು ದಿನ ಬಿಗಿ ಡಬ್ಬಿಯಲ್ಲಿ ಕೂತ ಬಟ್ಟೆಯ ವಾಸನೆ ಬಾಗಿಲಿನವರೆಗೆ ಬರುತ್ತಿತ್ತು. ಅವಳು ನನ್ನನ್ನು ನೋಡಿ ನಕ್ಕು, ಕೂಸು ಹೇಗಿದೆ ಎಂದು ಕೇಳಿದಳು. ಹಿತ್ತಲ ಬಾಗಿಲಲ್ಲಿ ನಿಂತವಳ ನೆನಪಾಯಿತು. ದುಡ್ಡು ಕೊಡುತ್ತೇನೆ, ಭತ್ತವಲ್ಲ. ಒಪ್ಪಂದವಿದೆ, ಹುಟ್ಟಿನ ಕಟ್ಟುಪಾಡಿಲ್ಲ. ನಿಜ. ಆದರೂ ನನ್ನ ಕೂಸಿನ ಮಲವನ್ನು ನಾನು ಮುಟ್ಟದೆ ಇನ್ನೊಬ್ಬಳ ಬರಿಗೈಗೆ ಒಪ್ಪಿಸಿದ್ದೆ, ಅವಳ ಹೆಸರನ್ನು ಕೇಳುವುದಕ್ಕೆ ನನಗೆ ಹತ್ತು ದಿನ ಬೇಕಾಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದೆ.

ಅಂದು ಅವಳ ಜೊತೆ, ಮಾಲೀಕರ ಜೊತೆ ಮಾತಾಡಿ ಬೇರೆ ವ್ಯವಸ್ಥೆ ಮಾಡಿಕೊಂಡೆ. ಒಗೆಯುವುದು ನಮ್ಮ ಮನೆಯಲ್ಲಿ. ಒಗೆದು, ಜಾಲಿಸಿ, ಯಂತ್ರದಲ್ಲಿ ಹಿಂಡಿ ತೆಗೆದ ಬಟ್ಟೆಯನ್ನು ಅವರು ಡ್ರೈಯರಿನಲ್ಲಿ ಒಣಗಿಸಿ ಕೊಡುವುದು. ಪರಿಮಳ ಬೇಡ, ದ್ರವ ಬೇಡ, ಇಸ್ತ್ರಿ ಬೇಡ. ಇಂಥ ಬೇಡಿಕೆ ಹಿಂದೆ ಬಂದಿರಲಿಲ್ಲವಂತೆ. ಕಿಲೋಗೆ 40 ರೂಪಾಯಿಗೆ ಒಪ್ಪಿದರು. ಮಲೆನಾಡಿನ ಮನೆಯ ಅಟ್ಟವನ್ನು ಕಾರವಾರದ ಪೇಟೆಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಂತೆ ನನಗೆ ಅನಿಸಿತು. ನನಗೆ ಕೊರತೆಯಾಗಿದ್ದದ್ದು ಆ ಅಟ್ಟವೇ. ಒಗೆಯುವುದಕ್ಕೆ ನಮ್ಮ ಕೈಗಳೇ ಸಾಕಾಗಿದ್ದವು.

ಕೈಗಳು ಎಂದೆ. ಅದರಲ್ಲಿ ಹೆಚ್ಚಿನ ಪಾಲು ಗಂಡನದು. ವೈದ್ಯರಲ್ಲಿಂದ ಬಂದ ರಾತ್ರಿಯೇ ಅವನು ಬಚ್ಚಲ ಗೋಡೆಗೆ ಒಂದು ಹಾಳೆ ಅಂಟಿಸಿದ. ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, ಹಾಳೆಯ ಮೇಲೆ ಗೆರೆ ಎಳೆದು, ಅಲುಬಿ ಯಂತ್ರಕ್ಕೆ ಹಾಕಿ ಕಚೇರಿಗೆ ಹೋಗುತ್ತಿದ್ದ. ಒದ್ದೆಗೆ ಉದ್ದ ಗೆರೆ, ಮಲಕ್ಕೆ ಅಡ್ಡ ಗೆರೆ. ನೀರು 60 ಡಿಗ್ರಿ, ಸಾಬೂನಿನ ಪುಡಿ ರೂಢಿಯ ಅರ್ಧ, ಜಾಲಿಸುವುದು ಎರಡು ಸಲ. ತಿಂಗಳ ಕೊನೆಯಲ್ಲಿ ಆಯಿ ಯಲ್ಲಾಪುರದ ದಾರಿಯಾಗಿ ಬಂದಾಗ ಆ ಹಾಳೆಯ ಮುಂದೆ ಸುಮಾರು ಹೊತ್ತು ನಿಂತಳು. ಅಳಿಯ ಲಂಗೋಟಿ ಒಗೆಯುವುದನ್ನು ಅವಳು ಹಿಂದೆ ಎಲ್ಲೂ ನೋಡಿರಲಿಲ್ಲ. ಅವನ ಕೈಯಿಂದ ಬಟ್ಟೆ ಕಸಿದುಕೊಳ್ಳಲು ಹೋದಳು, ಅವನು ಬಿಡಲಿಲ್ಲ. ಎರಡನೆಯ ಬೆಳಿಗ್ಗೆ ಅವನ ಪಕ್ಕದಲ್ಲಿ ನಿಂತು "ಇದರಲ್ಲಿ ತುಸು ಲೋಳೆ ಇದೆ ನೋಡಿ, ನೆಗಡಿಯ ಕಫ ನುಂಗಿದ್ದಿರಬೇಕು" ಎಂದು ತೋರಿಸಿಕೊಟ್ಟಳು. ತನಗೆ ಗೊತ್ತಿದ್ದುದನ್ನು ಮಗಳಿಗೆ ಹೇಳುವ ಮೊದಲು ಅಳಿಯನಿಗೆ ಕಲಿಸಿದಳು.

ಆಗಸ್ಟ್ 7ರ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆ ಹೊತ್ತಿನಲ್ಲಿ ನಾನು ಎದ್ದು ಮಗುವಿಗೆ ಬಟ್ಟೆ ಬದಲಿಸುತ್ತಿದ್ದೆ. ಮಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಬೆಳಗಾದ ಮೇಲೆ ಬಾಲ್ಕನಿಯಿಂದ ಜನ ಓಡುವುದನ್ನು ಕಂಡೆವು. ಚಾಲಕ ಬದುಕಿ ಬಂದನೆಂದು ತಿಳಿದಾಗ ಇಡೀ ಕಟ್ಟಡದವರು ನಿಟ್ಟುಸಿರು ಬಿಟ್ಟರು. ಹೊಸ ಸೇತುವೆಯ ಮೇಲೂ ಸಂಚಾರ ನಿಂತಿದ್ದರಿಂದ ಲಾಂಡ್ರಿಯ ಹುಡುಗ ಅಂದು ಬರಲಿಲ್ಲ. ಅಂದು ಇಸ್ತ್ರಿ ಪೆಟ್ಟಿಗೆ ಮತ್ತೆ ಹೊರಬಂತು, 60 ಬಟ್ಟೆಗಳ ಕೊನೆಯ ಸೀರೆಯೂ ಬಳಕೆಗೆ ಇಳಿಯಿತು. ಆಯಿ ಆ ಮೂರನೆಯ ಸೀರೆಯನ್ನು ಕತ್ತರಿಸದೆ ಇಟ್ಟಿದ್ದರೆ ಏನು ಮಾಡುತ್ತಿದ್ದೆವೋ.

ಬಳಸಿ ಎಸೆಯುವ ಡೈಪರನ್ನು ನಾವು ಮುಟ್ಟಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಶಿರಸಿ ಕಾರವಾರದ ನಡುವಿನ ಬಸ್ ಪ್ರಯಾಣಕ್ಕೆ, ಲಸಿಕೆಯ ಜ್ವರದ ರಾತ್ರಿಗೆ ಬಳಸಿದ್ದೇವೆ, ಆ ಹೊತ್ತಿಗೆ ಅದು ದೊಡ್ಡ ಉಪಕಾರ. ಆದರೆ ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು ನೀರು ಕುಡಿದು ಲೋಳೆಯಾಗಿ ಉಬ್ಬಿದ ಮೇಲೆ ಅದು ಸುಲಭವಾಗಿ ಕೊಳೆಯುವುದಿಲ್ಲ, ಮನೆಯ ಒಲೆಯಲ್ಲಿ ಸುಡಲೂ ಬರುವುದಿಲ್ಲ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ಸುತ್ತಿ ಕೊಡಬೇಕೆನ್ನುತ್ತಿದ್ದವು. ಪೇಟೆಯಲ್ಲಿ ಕಸದ ಗಾಡಿ ಬರುತ್ತದೆ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟೆವು. ತವರಿನ ಹಳ್ಳಿಗೆ ಗಾಡಿಯೇ ಬರುವುದಿಲ್ಲ. ಅಲ್ಲಿ ಬಳಸಿದ ಎರಡನ್ನು ಚೀಲದಲ್ಲಿ ಕಟ್ಟಿ ಕಾರವಾರಕ್ಕೆ ಮರಳಿ ತಂದೆವು. ತೋಟದ ಅಂಚಿನ ಹಳ್ಳದಲ್ಲಿ ಯಾರೋ ಎಸೆದ ಡೈಪರುಗಳು ಮಳೆನೀರು ಕುಡಿದು ಉಬ್ಬಿ ತೇಲುವುದನ್ನು ಆ ಜೂನ್‌ನಲ್ಲೇ ನೋಡಿದ್ದೆ. ಅದೇ ಹಳ್ಳದ ನೀರು ಕೆಳಗಿನ ಮನೆಗಳ ತೋಟಕ್ಕೆ ಹೋಗುತ್ತದೆ.

ಬಟ್ಟೆಯೇ ಭೂಮಿಗೆ ಒಳ್ಳೆಯದೇ ಎಂದು ಕೇಳಿದರೆ, ಅದೂ ಒಣಗಿಸುವ ಮೇಲೆ ನಿಂತಿದೆ. ಬ್ರಿಟನ್ನಿನ ಪರಿಸರ ಇಲಾಖೆಗಳಿಗಾಗಿ 2008ರಲ್ಲಿ ಒಂದು ಲೆಕ್ಕ ಹಾಕಿದ್ದರು. ಒಂದು ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ. ಅಲ್ಲಿಯ ಜನ ಸಾಮಾನ್ಯವಾಗಿ ಒಗೆಯುವ ರೀತಿಯಲ್ಲಿ ಬಟ್ಟೆಯದು 570 ಕಿಲೋ. ನನಗೆ ಓದಿ ಆಶ್ಚರ್ಯವಾಯಿತು. ಆದರೆ ಯಂತ್ರ ತುಂಬ ಬಟ್ಟೆ ಹಾಕಿ, ಯಾವಾಗಲೂ ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಲೆಕ್ಕ ಸುಮಾರು 200 ಕಿಲೋ ಇಳಿಯುತ್ತದೆ, ಪ್ರತಿಸಲ ಡ್ರೈಯರಿಗೆ ಹಾಕಿದರೆ ಬಹಳ ಏರುತ್ತದೆ. ಹಳೆಯ ಸೀರೆಯ ತುಂಡು ಆ ಲೆಕ್ಕದಲ್ಲಿಲ್ಲ, ಅದಕ್ಕೆಂದು ಹೊಸದಾಗಿ ಹತ್ತಿ ಬೆಳೆದಿಲ್ಲ. ಆದರೂ ಜುಲೈ, ಆಗಸ್ಟ್‌ನಲ್ಲಿ ನಾವು ಉರಿಸಿದ ವಿದ್ಯುತ್ತು ನಮ್ಮ ಲೆಕ್ಕಕ್ಕೇ ಸೇರಬೇಕು. ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಸೆಪ್ಟೆಂಬರ್ ಕೊನೆಗೆ ಮಳೆ ತೆರಪು ಕೊಡತೊಡಗಿತು. ಅಕ್ಟೋಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ಸದಾಶಿವಗಡದ ಗುಡ್ಡ ಹಸಿರಾಗಿ ತೊಳೆದಿಟ್ಟಂತೆ ಕಂಡಿತು, ಬಾಲ್ಕನಿಯ ತಂತಿಗೆ ಬಿಸಿಲು ಬಂತು. 24 ಲಂಗೋಟಿ ಹಾಕಿದೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವು ಗಾಳಿಗೆ ಹಾರುವುದನ್ನು ನೋಡುತ್ತ ಕೂತೆ. ಎರಡು ಗಂಟೆಯಲ್ಲಿ ಒಣಗಿದವು, ಜುಲೈಯಿಂದ ಉಳಿದಿದ್ದ ಕಲೆಗಳು ಮೂರು ದಿನದಲ್ಲಿ ಮಾಯವಾದವು. ಲಾಂಡ್ರಿಗೆ ಹೋಗಿ ಬಾಕಿ ಕೊಟ್ಟು, ಹಿಂದಿನ ಕೋಣೆಯವಳಿಗೆ ಆಯಿ ಮಾಡಿದ ತೊಡದೇವು ಒಂದು ಡಬ್ಬಿ ಕೊಟ್ಟು ಬಂದೆ. ಅವಳು ಮಗಳನ್ನು ಎತ್ತಿಕೊಂಡು ಕೊಂಕಣಿಯಲ್ಲಿ ಏನೇನೋ ಮಾತಾಡಿಸಿದಳು, ಮಗಳು ಅವಳ ಬಳೆ ಹಿಡಿದು ಬಿಡಲಿಲ್ಲ.

ರಜೆಯ 180 ದಿನ ಮುಗಿದು ನಾನು ಕಚೇರಿಗೆ ಹೋಗತೊಡಗಿದ ಮೇಲೆ, ಅತ್ತೆ ಬಂದು ನಮ್ಮ ಜೊತೆ ನಿಂತರು. ರಾಗಿ ಮಣ್ಣಿ ತಿನ್ನತೊಡಗಿದ ಮೇಲೆ ಮಲ ಗಟ್ಟಿಯಾಗಿ, ಒಗೆಯುವ ಮೊದಲು ಕೊಡವಿ ಹಾಕುವ ಕೆಲಸ ಸೇರಿಕೊಂಡಿತು. ಮಾರ್ಚ್ ಕಳೆದಾಗ ಕಟ್ಟಡದ ಬಾವಿಯ ನೀರು ಸವಳಾಗಿ ಸಾಬೂನು ನೊರೆಯೇ ಬರಲಿಲ್ಲ, ಬಟ್ಟೆ ಹಪ್ಪಳದಂತೆ ಬಿರುಸಾಯಿತು. ಕೊನೆಯ ಜಾಲಿಸುವುದಕ್ಕೆ ಮಾತ್ರ ನಲ್ಲಿಯ ಸಿಹಿನೀರು ಹಿಡಿದಿಟ್ಟು, ಅದಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿ ಸುಧಾರಿಸಿದೆವು. ಇದೆಲ್ಲ ಜುಲೈಯ ಮುಂದೆ ದೊಡ್ಡದೆನಿಸಲಿಲ್ಲ.

ಮಗಳಿಗೆ ಈಗ ಲಂಗೋಟಿ ಬೇಡ. ಕಳೆದ ವಾರ ಬಟ್ಟೆಗಳನ್ನು ತೆಗೆದು ಎಣಿಸಿದೆ: 60ರಲ್ಲಿ 43 ಉಳಿದಿವೆ. ಸವೆದ ಕೆಲವು ಅಡುಗೆಮನೆಯ ಕೈಬಟ್ಟೆಯಾಗಿವೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಹುಡುಗಿಗೆ ಜೂನ್ ಕೊನೆಗೆ ದಿನ ತುಂಬುತ್ತದೆ. ಹೊನ್ನಾವರದ ಕಡೆಯವಳು, ತವರಿನಲ್ಲಿ ತಾಯಿ ಇಲ್ಲ, ಇಲ್ಲಿಯೇ ಬಾಣಂತನ. ಬಟ್ಟೆ ಒಗೆಯುವುದೋ ಲಾಂಡ್ರಿಗೆ ಕೊಡುವುದೋ ಎಂದು ನನ್ನನ್ನು ಕೇಳಿದಳು. 43 ಬಟ್ಟೆಗಳನ್ನು ಕುದಿಸಿ ಒಣಗಿಸಿ, ಮೇಲೆ ಒಂದು ಹೊಸ ಸೀರೆಯ ತುಂಡುಗಳನ್ನೂ ಸೇರಿಸಿ ಕಟ್ಟು ಮಾಡಿ ಒಯ್ದುಕೊಟ್ಟೆ. ಲಾಂಡ್ರಿಯ ಫೋನ್ ನಂಬರನ್ನೂ, ಹಿಂದಿನ ಕೋಣೆಯವಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೆ. ಆ ಹುಡುಗಿಯ ಗಂಡ ಬಾಗಿಲು ತೆರೆದ. ಕಟ್ಟನ್ನು ಅವನ ಕೈಯಲ್ಲಿಟ್ಟು, ಮನೆಯೊಳಗೆ ಹೋಗಿ, ಬಟ್ಟೆ ಒಣಗಿಸಲು ಜಾಗ ಎಲ್ಲಿದೆ ತೋರಿಸಿ ಎಂದೆ.